‘ವೈಟ್ ನಾಯ್ಸ್’: ಮೊದಲ ಅರ್ಧ ಗಂಟೆಯ ನಂತರ ಈ ಚಿತ್ರಕ್ಕೆ ಏನಾಯಿತು?

ಕೊನೆಸಾಲಿನವನು

‘ವೈಟ್ ನಾಯ್ಸ್’ ನೋಡಿ ಮುಗಿಸಿದೆ. ಸಿಟ್ಟು ಬಂದಿದೆ. ಕೆಟ್ಟ ಚಿತ್ರಗಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವುಗಳ ಪಾಡಿಗೆ ಅವು ಕೆಟ್ಟಿರುತ್ತವೆ. ಒಳ್ಳೆಯದಾಗುವ ಎಲ್ಲ ಲಕ್ಷಣಗಳನ್ನೂ ತೋರಿಸಿ ನಡುವೆ ಕೈಕೊಡುವ ಚಿತ್ರಗಳೇ ಬಹಳ ಹೊತ್ತು ಕಾಡುತ್ತವೆ. 2005ರ ಚಿತ್ರ ಇದು, ನಿರ್ದೇಶಕರು ಜೆಫ್ರಿ ಸ್ಯಾಕ್ಸ್, ನಾಯಕ ಮೈಕೆಲ್ ಕೀಟನ್. ಕಥೆಯನ್ನು ಕೊನೆಯವರೆಗೂ ಬಿಚ್ಚಿಡಲಿದ್ದೇನೆ, ನೋಡಬೇಕೆಂದಿರುವವರು ಇಲ್ಲಿಂದಲೇ ಹಿಂದಿರುಗಿ.

ಜೊನಾಥನ್ ರಿವರ್ಸ್ ಒಬ್ಬ ವಾಸ್ತುಶಿಲ್ಪಿ. ಹೆಂಡತಿ ಆ್ಯನಾ ಹೆಸರು ಮಾಡಿದ ಲೇಖಕಿ. ತಾನು ಬಸುರಿ ಎಂದು ಅವಳು ಹೇಳಿದ ದಿನವೇ ಕಾಣೆಯಾಗುತ್ತಾಳೆ. ಕಾರು ನದಿಯ ಬಳಿ ಸಿಗುತ್ತದೆ, ವಾರಗಳ ನಂತರ ಶವ ಸಿಗುತ್ತದೆ. ರೇಮಂಡ್ ಪ್ರೈಸ್ ಎಂಬ ಅಪರಿಚಿತ ಬಂದು, ಟಿವಿ ಮತ್ತು ರೇಡಿಯೊಗಳ ಗೊರಗೊರ ಸದ್ದಿನ (ಚಿತ್ರದ ಹೆಸರಿನ ‘ವೈಟ್ ನಾಯ್ಸ್’ ಇದೇ) ನಡುವೆ ಆ್ಯನಾಳ ದನಿ ತನಗೆ ಸಿಕ್ಕಿದೆ ಎನ್ನುತ್ತಾನೆ. ಜೊನಾಥನ್ ಮೊದಲು ಅವನನ್ನು ಓಡಿಸುತ್ತಾನೆ, ಆಮೇಲೆ ತಾನೇ ಹುಡುಕಿಕೊಂಡು ಹೋಗುತ್ತಾನೆ. ಇಲ್ಲಿಯವರೆಗೆ ಚಿತ್ರ ನಿಜಕ್ಕೂ ಚೆನ್ನಾಗಿದೆ. ಬರಿಯ ಗದ್ದಲ ತುಂಬಿದ ಟಿವಿ ಪರದೆಯ ಮುಂದೆ ಮನುಷ್ಯನೊಬ್ಬ ಗಂಟೆಗಟ್ಟಲೆ ಕುಳಿತು, ಒಂದೇ ಒಂದು ಪದಕ್ಕಾಗಿ ಕಾಯುತ್ತಾನೆ. ಇದಕ್ಕಿಂತ ಭಯಾನಕವಾದುದು ಇನ್ನೇನು ಬೇಕು?

ಚಿತ್ರಕ್ಕೆ ಬೇಕಂತೆ. ಮೂರು ಕರಿ ನೆರಳುಗಳು ಬೇಕಂತೆ, ಸರಣಿ ಕೊಲೆಗಾರ ಬೇಕಂತೆ, ಮುಂದೆ ಸಾಯಲಿರುವವರ ಮುನ್ಸೂಚನೆ ಬೇಕಂತೆ, ಕೊನೆಗೆ ಪೊಲೀಸರ ಗುಂಡೂ ಬೇಕಂತೆ. ದುಃಖದ ಚಿತ್ರವಾಗಿ ಶುರುವಾದದ್ದು ಪತ್ತೇದಾರಿಯಾಗುತ್ತದೆ, ಆಮೇಲೆ ದೆವ್ವದ ಚಿತ್ರವಾಗುತ್ತದೆ. ನನ್ನ ತಕರಾರು ಒಂದೇ. ಆ ದನಿ ನಿಜವಾಗಿ ಆ್ಯನಾಳದೋ, ಅವನ ಕಿವಿಯೇ ಕಟ್ಟಿಕೊಂಡದ್ದೋ ಎಂಬ ಅನುಮಾನವನ್ನು ಚಿತ್ರ ಹತ್ತು ನಿಮಿಷವೂ ಉಳಿಸಿಕೊಳ್ಳುವುದಿಲ್ಲ. ಅನುಮಾನ ಹೋದ ಮೇಲೆ ಭಯ ಎಲ್ಲಿಂದ ಬರಬೇಕು?

ಮಿಣುಕುಹುಳು

ನನ್ನದೊಂದು ಸಣ್ಣ ಪ್ರಶ್ನೆ. ಚಿತ್ರಗಳಲ್ಲಿ ಸತ್ತವರು ಪೂರ್ತಿ ವಾಕ್ಯ ಮಾತನಾಡುವುದೇ ಇಲ್ಲ, ಏಕೆ? ಇತ್ತ ಕಡೆ ಬಂದು ತಲುಪುವ ಶಕ್ತಿ ಇರುವವಳಿಗೆ ಕೊಲೆಗಾರನ ವಿಳಾಸ ಹೇಳುವ ಶಕ್ತಿ ಇರಬಾರದೇ? ಈಗಲೇ ಹೋಗು, ಹೋಗು ಎನ್ನುತ್ತಾಳೆ. ಎಲ್ಲಿಗೆ, ತಾಯಿ?

ಸಂಕಲನದ ಕೋಣೆ

ಮಿಣುಕುಹುಳು ನಗಿಸಿದರೂ ಆ ಪ್ರಶ್ನೆಯ ಹಿಂದೆ ಕಸುಬಿನ ವಿಷಯವಿದೆ. ಅರ್ಧ ವಾಕ್ಯ ಬರೆದರೆ ಕಥೆಯನ್ನು ಎಳೆಯಬಹುದು. ಆದರೆ ಆ ಅರ್ಧ ವಾಕ್ಯದಿಂದ ಪ್ರೇಕ್ಷಕ ತಪ್ಪು ಅರ್ಥ ಮಾಡಿಕೊಂಡು, ಆ ತಪ್ಪಿಗೆ ನಾಯಕ ಬೆಲೆ ತೆರುವಂತಿದ್ದರೆ ಮಾತ್ರ ಅದಕ್ಕೆ ಸಾರ್ಥಕತೆ. ಇಲ್ಲಿ ಜೊನಾಥನ್ ಪ್ರತಿ ಬಾರಿಯೂ ಸರಿಯಾಗಿಯೇ ಅರ್ಥ ಮಾಡಿಕೊಳ್ಳುತ್ತಾನೆ, ಸರಿಯಾದ ಜಾಗಕ್ಕೇ ಹೋಗುತ್ತಾನೆ.

ನನ್ನ ದೊಡ್ಡ ದೂರು ಶಬ್ದದ ಬಗ್ಗೆ. ಇದು ಕಿವಿಯ ಚಿತ್ರ. ಇಂಥ ಚಿತ್ರದಲ್ಲಿ ಪ್ರೇಕ್ಷಕ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುವಂತಾಗಬೇಕು, ಅಂದರೆ ಧ್ವನಿ ತಗ್ಗಬೇಕು. ಸ್ಯಾಕ್ಸ್ ಮಾಡುವುದು ತದ್ವಿರುದ್ಧ. ಸ್ವಲ್ಪ ಹೊತ್ತು ಮೌನ, ತಟ್ಟನೆ ಪರದೆಯ ಮೇಲೆ ವಿಕಾರ ಮುಖ, ಜೊತೆಗೆ ಕಿವಿ ಹರಿಯುವ ಕಿರುಚು. ಎರಡನೆಯ ಸಲದ ಹೊತ್ತಿಗೆ ಪ್ರೇಕ್ಷಕ ಕೇಳುವುದನ್ನು ನಿಲ್ಲಿಸಿ ಕಿವಿ ಮುಚ್ಚಿಕೊಳ್ಳಲು ಸಿದ್ಧನಾಗಿರುತ್ತಾನೆ. ತನ್ನ ವಸ್ತುವಿಗೆ ಬೇಕಾದ ಇಂದ್ರಿಯವನ್ನೇ ಚಿತ್ರ ಹೆದರಿಸಿ ಓಡಿಸಿದೆ.

ಇನ್ನೊಂದು. ಗದ್ದಲದ ಪರದೆಯಲ್ಲಿ ಮುಖ ಮೂಡುವ ದೃಶ್ಯಗಳನ್ನು ಗಮನಿಸಿ. ನಾವಾಗಿಯೇ ಆ ಚುಕ್ಕೆಗಳ ನಡುವೆ ಮುಖವನ್ನು ಹುಡುಕುವ ಮುಂಚೆಯೇ ಕ್ಯಾಮೆರಾ ಅದರೊಳಕ್ಕೆ ನುಗ್ಗುತ್ತದೆ, ಚಿತ್ರ ಸ್ಪಷ್ಟವಾಗುತ್ತದೆ. ಇನ್ನು ನಾಲ್ಕು ಸೆಕೆಂಡು ಆ ಶಾಟ್ ಅನ್ನು ಹಾಗೆಯೇ ಬಿಟ್ಟಿದ್ದರೆ ಚಿತ್ರಮಂದಿರದ ಅರ್ಧ ಜನ ಇಲ್ಲದ ಮುಖವನ್ನು ಕಾಣುತ್ತಿದ್ದರು.

ಹಳೆಯ ಟೇಪು

ಈ ಚಿತ್ರ ಬಳಸಿಕೊಂಡಿರುವ ವಿಷಯಕ್ಕೆ ಇರುವ ಇತಿಹಾಸ ಚಿತ್ರಕ್ಕಿಂತ ಎಷ್ಟೋ ಪಾಲು ರೋಚಕವಾಗಿದೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಚಿತ್ರ ತೆರೆದುಕೊಳ್ಳುವುದೇ ಥಾಮಸ್ ಎಡಿಸನ್ ಅವರ ಮಾತಿನಿಂದ. ನಮ್ಮ ವ್ಯಕ್ತಿತ್ವ ಸಾವಿನ ನಂತರ ಉಳಿಯುವುದಾದರೆ, ಅತಿ ಸೂಕ್ಷ್ಮವಾದ ಯಂತ್ರವೊಂದು ಏನನ್ನಾದರೂ ದಾಖಲಿಸಬೇಕು ಎಂಬರ್ಥದ ಮಾತು. ‘ಉಳಿಯುವುದಾದರೆ’ ಎಂಬುದನ್ನು ಪ್ರೇಕ್ಷಕರು ಗಮನಿಸುವುದಿಲ್ಲ ಎಂಬ ಧೈರ್ಯದಲ್ಲಿ ಅದನ್ನು ಬಳಸಿದ್ದಾರೆ. 1920ರಲ್ಲಿ ಪತ್ರಿಕೆಗಳಿಗೆ ನೀಡಿದ ಸಂದರ್ಶನಗಳಲ್ಲಿ ಎಡಿಸನ್ ಇಂಥ ಸಾಧನವೊಂದರ ಬಗ್ಗೆ ಮಾತನಾಡಿದ್ದು ನಿಜ. ಆದರೆ ಸತ್ತವರು ಬೇರೊಂದು ಲೋಕದಲ್ಲಿದ್ದಾರೆ ಎಂದು ಅವರು ಸಾಧಿಸಲಿಲ್ಲ. ಇದ್ದರೆ, ಪ್ರೇತ ಕರೆಯುವ ಕೂಟಗಳಲ್ಲಿ ಮೇಜು ಅಲುಗಿಸುವುದಕ್ಕಿಂತ ಒಳ್ಳೆಯ ಅವಕಾಶವನ್ನು ಅವರಿಗೆ ಯಂತ್ರ ಕೊಡಬಹುದು ಎಂಬ ವಾದ ಅವರದು. ಅಂಥ ಯಂತ್ರವಂತೂ ಯಾರ ಕೈಗೂ ಸಿಕ್ಕಿಲ್ಲ.

ಟೇಪಿನ ಮೇಲೆ ಸತ್ತವರ ದನಿ ಎಂಬ ನಂಬಿಕೆ ಹರಡಿದ್ದು ಫ್ರೀಡ್ರಿಕ್ ಯುರ್ಗೆನ್ಸನ್ ಎಂಬ ಸ್ವೀಡನ್ನಿನ ಚಿತ್ರಕಾರರಿಂದ. 1959ರಲ್ಲಿ ಹಕ್ಕಿಗಳ ಕೂಗನ್ನು ಧ್ವನಿಮುದ್ರಿಸಿಕೊಂಡು ಬಂದು ಕೇಳಿದರೆ, ಅದರಲ್ಲಿ ಮನುಷ್ಯನ ದನಿಯೊಂದು ನಾರ್ವೆಯ ಭಾಷೆಯಲ್ಲಿ ರಾತ್ರಿಯ ಹಕ್ಕಿಗಳ ಬಗ್ಗೆಯೇ ಮಾತನಾಡುತ್ತಿತ್ತಂತೆ! ಮುಂದೆ ತಮ್ಮ ತೀರಿಕೊಂಡ ತಾಯಿಯ ದನಿಯೂ ಕೇಳಿಸಿತೆಂದು ಅವರು ಹೇಳಿಕೊಂಡರು. 1964ರಲ್ಲಿ ಇದೆಲ್ಲದರ ಬಗ್ಗೆ ಪುಸ್ತಕ ಬರೆದರು. ಅದರಿಂದ ಪ್ರೇರಿತರಾದ ಲಾಟ್ವಿಯಾ ಮೂಲದ ಕಾನ್‌ಸ್ಟಾಂಟಿನ್ ರಾಡಿವ್ 70,000ಕ್ಕೂ ಹೆಚ್ಚು ದನಿಗಳನ್ನು ಹಿಡಿದಿಟ್ಟೆ ಎಂದರು. ಅವರ ಪುಸ್ತಕ 1971ರಲ್ಲಿ ಇಂಗ್ಲಿಷಿಗೆ ಬಂದಾಗ ಸಾಕಷ್ಟು ಸದ್ದಾಯಿತು.

ರಾಡಿವ್ ಅವರ ದನಿಗಳಲ್ಲಿ ಒಂದು ವಿಚಿತ್ರವಿದೆ. ಒಂದೇ ವಾಕ್ಯದಲ್ಲಿ ಲಾಟ್ವಿಯನ್, ಜರ್ಮನ್, ಸ್ವೀಡಿಷ್, ರಷ್ಯನ್ ಪದಗಳು ಬೆರೆತಿರುತ್ತವೆ. ರಾಡಿವ್ ಬಹುಭಾಷಿಕರು. ಅಷ್ಟು ಭಾಷೆ ಬಲ್ಲವನ ಕಿವಿಗೆ ಯಾವ ಕರಕರ ಸದ್ದಾದರೂ ಯಾವುದೋ ಒಂದು ಭಾಷೆಯ ಪದವಾಗಿ ಬಿದ್ದೇ ಬೀಳುತ್ತದೆ. 1970ರ ದಶಕದಲ್ಲಿ ಕೇಂಬ್ರಿಜ್‌ನಿಂದ ಸಹಾಯಧನ ಪಡೆದು ಈ ದನಿಗಳನ್ನು ಪರಿಶೀಲಿಸಿದ ಡೇವಿಡ್ ಎಲ್ಲಿಸ್ ಅವರೂ ಕೊನೆಗೆ ತಲುಪಿದ್ದು ಅಲ್ಲಿಗೇ: ರೇಡಿಯೊ ಪ್ರಸಾರದ ತುಣುಕುಗಳು, ಮಿಕ್ಕದ್ದು ಕೇಳುವವನ ಊಹೆ.

ತಂತಿಕಂಬ

ಹಳೆಯ ಟೇಪು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಖಾಲಿ ಚಾನೆಲ್‌ನ ಚುಕ್ಕೆಗಳ ಆ ಗದ್ದಲ, ‘ಹಿಮ’ ಎನ್ನುತ್ತಾರಲ್ಲ ಅದು, ಏನೂ ಇಲ್ಲದ್ದರ ಚಿತ್ರವಲ್ಲ. ಅದರಲ್ಲಿ ಟಿವಿಯ ಸ್ವಂತ ವಿದ್ಯುನ್ಮಾನ ಗದ್ದಲವಿದೆ, ಸುತ್ತಲಿನ ಮೋಟರುಗಳ ಕಿಡಿಯಿದೆ, ದೂರದ ಪ್ರಸಾರಗಳ ಚೂರುಗಳಿವೆ. ಜೊತೆಗೆ ಸುಮಾರು ಶೇಕಡಾ 1ರಷ್ಟು, ವಿಶ್ವ ಹುಟ್ಟಿದ ಕೆಲವು ಲಕ್ಷ ವರ್ಷಗಳ ನಂತರ ಹೊರಟ ಬೆಳಕಿನ ಉಳಿಕೆಯಿದೆ. 1964ರಲ್ಲಿ ಖಗೋಳವಿಜ್ಞಾನಿಗಳಾದ ಪೆನ್ಜಿಯಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದಿಂದ ತೊಲಗಿಸಲಾಗದೆ ಒದ್ದಾಡಿದ ಸದ್ದು ಅದೇ. ಪಾರಿವಾಳದ ಹಿಕ್ಕೆಯನ್ನೂ ಗುಡಿಸಿ ನೋಡಿದ್ದರು, ಹೋಗಲಿಲ್ಲ. 1978ರಲ್ಲಿ ಅದಕ್ಕೇ ನೊಬೆಲ್ ಬಂತು. ಚಿತ್ರದ ಮೂರು ನೆರಳುಗಳಿಗಿಂತ ಈ ಶೇಕಡಾ 1 ನನ್ನನ್ನು ಹೆಚ್ಚು ಬೆಚ್ಚಿಬೀಳಿಸುತ್ತದೆ.

ಕಿವಿಯ ವಿಷಯಕ್ಕೆ ಬಂದರೆ, 1970ರಲ್ಲಿ ಮನೋವಿಜ್ಞಾನಿ ರಿಚರ್ಡ್ ವಾರೆನ್ ಮಾಡಿದ ಪ್ರಯೋಗವಿದೆ. ಧ್ವನಿಮುದ್ರಿತ ವಾಕ್ಯವೊಂದರ ನಡುವಿನ ಒಂದು ಅಕ್ಷರವನ್ನು ಕತ್ತರಿಸಿ, ಆ ಜಾಗಕ್ಕೆ ಕೆಮ್ಮಿನ ಸದ್ದು ಹಾಕಿದರು. ಕೇಳಿದ 20 ಮಂದಿಯಲ್ಲಿ 19 ಮಂದಿಗೆ ಯಾವ ಅಕ್ಷರವೂ ಕಾಣೆಯಾದಂತೆ ಅನ್ನಿಸಲಿಲ್ಲ. ಇಲ್ಲದ ಅಕ್ಷರ ಅವರಿಗೆ ಕೇಳಿಸಿತ್ತು. ಹೀಗೆ ಕೇಳಿಸುವುದು ಮಿದುಳಿನ ಕಾಯಿಲೆಯಲ್ಲ, ಅದರ ದಿನನಿತ್ಯದ ದುಡಿಮೆ. ಏನು ಕೇಳಿಸಬೇಕೆಂದು ಮೊದಲೇ ಯಾರಾದರೂ ಹೇಳಿಬಿಟ್ಟರಂತೂ ಮುಗಿಯಿತು, ಬೇರೆ ಏನೂ ಕೇಳಿಸುವುದಿಲ್ಲ. ರೇಮಂಡ್ ಚಿತ್ರದಲ್ಲಿ ಮಾಡುವುದೂ ಅದನ್ನೇ ತಾನೆ? ಇಗೋ, ಇಲ್ಲಿ ಕೇಳಿ, ಇದು ನಿಮ್ಮವಳ ದನಿ ಎಂದು ಗುಂಡಿ ಒತ್ತುತ್ತಾನೆ.

ಕೊನೆಸಾಲಿನವನು

ತಂತಿಕಂಬ, ನಾನು ಹೇಳಬೇಕೆಂದಿದ್ದು ಇದೇ. ಇಯಾನ್ ಮೆಕ್‌ನೀಸ್ ಅಭಿನಯಿಸಿದ ಆ ರೇಮಂಡ್ ಪಾತ್ರವನ್ನು ನೋಡಿ. ಒಬ್ಬನೇ ಇದ್ದಾನೆ, ಮನೆ ತುಂಬ ಟೇಪುಗಳು, ದುಃಖದಲ್ಲಿರುವವರನ್ನು ತಾನಾಗಿಯೇ ಹುಡುಕಿಕೊಂಡು ಹೋಗುತ್ತಾನೆ. ಅವನು ಮೋಸಗಾರನೇ, ತನ್ನನ್ನೇ ಮೋಸಗೊಳಿಸಿಕೊಂಡವನೇ, ನಿಜವಾಗಿ ಏನೋ ಕಂಡವನೇ? ಒಂದು ಇಡೀ ಚಿತ್ರಕ್ಕಾಗುವಷ್ಟು ಸರಕು. ಆದರೆ ಚಿತ್ರ ಅವನನ್ನು ನಂಬಿಬಿಟ್ಟು, ಬೇಗನೆ ಸಾಯಿಸಿ ಕೈತೊಳೆದುಕೊಳ್ಳುತ್ತದೆ.

ಜಾದೂಪೆಟ್ಟಿಗೆ

ನಂಬಬೇಕೆಂದು ಬಂದವನಿಗೆ ಸಾಕ್ಷ್ಯ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಾದೂಗಾರ ಹ್ಯಾರಿ ಹೂಡಿನಿಯವರ ಬದುಕೇ ಇದೆ. ತಾಯಿ ತೀರಿಕೊಂಡ ಮೇಲೆ ಅವರು, ಸತ್ತವರ ಮಾತು ತಲುಪಿಸುತ್ತೇವೆ ಎನ್ನುವ ಪ್ರೇತ ಮಾಧ್ಯಮರ ಬಳಿ ಹೋದದ್ದು ಬರಿಯ ಬಯಲಿಗೆಳೆಯುವ ಹಟದಿಂದಲ್ಲ, ಎಲ್ಲಿಯಾದರೂ ಒಂದು ನಿಜವಿದ್ದೀತು ಎಂಬ ಆಸೆಯೂ ಇತ್ತು. 1922ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಷರ್ಲಾಕ್ ಹೋಮ್ಸ್ ಕಥೆಗಳ ಲೇಖಕ ಆರ್ಥರ್ ಕಾನನ್ ಡಾಯ್ಲ್ ಅವರ ಪತ್ನಿ, ಹೂಡಿನಿಯವರ ತಾಯಿಯೇ ತಮ್ಮ ಕೈಯಿಂದ ಬರೆಸುತ್ತಿದ್ದಾರೆ ಎಂದು ಪುಟಗಟ್ಟಲೆ ಬರೆದರು. ಬರಹ ಶುದ್ಧ ಇಂಗ್ಲಿಷಿನಲ್ಲಿತ್ತು, ಪುಟದ ಮೇಲೆ ಶಿಲುಬೆಯ ಗುರುತಿತ್ತು. ಹೂಡಿನಿಯವರ ತಾಯಿ ಯಹೂದಿ ಧರ್ಮಗುರುವೊಬ್ಬರ ಪತ್ನಿ, ಅವರಿಗೆ ಇಂಗ್ಲಿಷ್ ಬಾರದು. ಡಾಯ್ಲ್ ಮತ್ತು ಹೂಡಿನಿಯವರ ಸ್ನೇಹ ಅಲ್ಲಿಂದ ಮುರಿಯತೊಡಗಿತು.

ಒಂದು ಕೋಣೆ, ಮೂವರು, ಒಂದು ಪೆನ್ಸಿಲ್. ಯಾವ ನೆರಳೂ ಬೇಕಾಗಲಿಲ್ಲ. ಅಲ್ಲಿ ಕುಳಿತವರೆಲ್ಲರೂ ಒಳ್ಳೆಯವರೇ ಎಂಬುದು ಇನ್ನೂ ಕಷ್ಟದ ಮಾತು. ಡಾಯ್ಲ್ ದಂಪತಿಗೆ ತಾವು ಉಪಕಾರ ಮಾಡುತ್ತಿದ್ದೇವೆ ಎಂಬ ನಂಬಿಕೆಯಿತ್ತು.

ಹೂಡಿನಿ 1926ರ ಅಕ್ಟೋಬರ್ 31ರಂದು ತೀರಿಕೊಂಡರು. ಪತ್ನಿ ಬೆಸ್ 1936ರವರೆಗೆ ಅವರ ದನಿಗಾಗಿ ಕಾಯ್ದು, ಕೊನೆಗೆ ಸಾಕು ಎಂದು ನಿಲ್ಲಿಸಿದರು.

ಅರೆನಂಬಿಕೆ

ಎಲ್ಲರೂ ಬುದ್ಧಿವಂತಿಕೆಯ ಮಾತನಾಡುತ್ತಿದ್ದೀರಿ. ನಾನು ಈ ಚಿತ್ರದ ಪರವಾಗಿ ನಿಲ್ಲುತ್ತೇನೆ.

ನನ್ನ ಅಕ್ಕ ತೀರಿಕೊಂಡ ಮೇಲೆ ಅವಳು ಕಳುಹಿಸಿದ್ದ ಧ್ವನಿಸಂದೇಶಗಳು ಮೊಬೈಲ್‌ನಲ್ಲಿ ಉಳಿದಿದ್ದವು. ಏನೂ ವಿಶೇಷವಿಲ್ಲ, ಎಲ್ಲಿದ್ದೀಯಾ, ಫೋನ್ ಎತ್ತು, ಇಂಥವೇ. ಅವುಗಳಲ್ಲಿ ಒಂದರ ಹಿನ್ನೆಲೆಯಲ್ಲಿ ಅವಳು ಇನ್ನೊಂದು ಪದ ಹೇಳಿದಂತಿದೆ, ಗಾಳಿಯ ಸದ್ದಿನಲ್ಲಿ ಮುಳುಗಿಹೋಗಿದೆ. ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ವಾರೆನ್ ಅವರ ಕೆಮ್ಮಿನ ಪ್ರಯೋಗ ನನಗೂ ಅರ್ಥವಾಗುತ್ತದೆ, ತಂತಿಕಂಬ ಅವರೇ. ಅರ್ಥವಾದ ಮೇಲೂ ಕೇಳುತ್ತೇನೆ.

ಕೀಟನ್ ಈ ಚಿತ್ರದಲ್ಲಿ ಮಾಡಿರುವುದು ಅದನ್ನು. ಯಂತ್ರಗಳನ್ನು ಕೊಂಡು ತಂದು ಜೋಡಿಸುವ ದೃಶ್ಯದಲ್ಲಿ ಅವರ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಹುಮ್ಮಸ್ಸಿದೆ. ಮಾಡಲು ಕೆಲಸವೊಂದು ಸಿಕ್ಕಿತಲ್ಲ ಎಂಬ ಹುಮ್ಮಸ್ಸು. ಅದನ್ನು ನಟಿಸಿ ತೋರಿಸುವುದು ಸುಲಭವಲ್ಲ. ಮೊದಲ ಮದುವೆಯ ಮಗ ಪಕ್ಕದಲ್ಲಿದ್ದರೂ ಇಲ್ಲದಂತಿರುವುದು, ಬೆಳಕು ಹರಿದದ್ದೇ ತಿಳಿಯದಿರುವುದು, ಇವೆಲ್ಲ ನಿಜ. ಕೊನೆಯಲ್ಲಿ ಕಾರಿನ ರೇಡಿಯೊದಲ್ಲಿ ಮಗನಿಗೆ ಸತ್ತ ಅಪ್ಪನ ದನಿ ಕ್ಷಮೆ ಕೇಳುವುದನ್ನು ನೋಡಿ ನಾನು ಅತ್ತಿದ್ದೇನೆ. ಬೇಕಾದರೆ ನಗಿ.

ಕೊನೆಸಾಲಿನವನು ಕೇಳುವ ಅನುಮಾನದ ಚಿತ್ರ ನನಗೆ ಬೇಡ. ಅನುಮಾನವನ್ನು ನಾನು ದಿನವೂ ನೋಡುತ್ತೇನೆ. ಎರಡು ಗಂಟೆಯ ಮಟ್ಟಿಗಾದರೂ, ಹೌದು, ಅದು ಅವಳದೇ ದನಿ ಎಂದು ಯಾರಾದರೂ ಹೇಳಲಿ ಎಂದು ನನಗಿದ್ದರೆ ತಪ್ಪೇನು?

ಸಂಕಲನದ ಕೋಣೆ

ಯಾರೂ ನಗುವುದಿಲ್ಲ. ಕೀಟನ್ ವಿಷಯದಲ್ಲಿ ನಿಮ್ಮ ಮಾತು ಅಕ್ಷರಶಃ ಸರಿ. ಆ ಹುಮ್ಮಸ್ಸನ್ನು ನಾನೂ ಗಮನಿಸಿದ್ದೆ, ಹೇಳಲು ಪದ ಸಿಕ್ಕಿರಲಿಲ್ಲ.

ಆದರೂ ಒಂದು ಕೇಳುತ್ತೇನೆ. ನಿಮಗೆ ಬೇಕಾದದ್ದನ್ನಾದರೂ ಈ ಚಿತ್ರ ಕೊಟ್ಟಿತೇ? ಆ್ಯನಾ ಗಂಡನಿಗೆ ಹೇಳುವ ಮಾತಿನಲ್ಲಿ ಅವರಿಬ್ಬರ ಬದುಕಿಗೆ ಸೇರಿದ್ದು ಏನಿದೆ? ಹುಟ್ಟದೆ ಹೋದ ಮಗುವಿನ ಬಗ್ಗೆ ಒಂದು ಸೊಲ್ಲಿಲ್ಲ. ಅವಳೊಬ್ಬ ಲೇಖಕಿ ಎಂದು ಮೊದಲೇ ಹೇಳಿದ್ದಾರೆ, ಆದರೆ ಸತ್ತ ಮೇಲೆ ಅವಳಿಗೆ ಸಿಕ್ಕಿರುವ ಭಾಷೆ ದಾರಿತೋರುವ ಫಲಕದ್ದು. ಇಂಥ ಕಡೆ ಹೋಗು, ಇಂಥವರನ್ನು ಉಳಿಸು. ಅವಳು ಹೆಂಡತಿಯಾಗಿ ಮರಳುವುದೇ ಇಲ್ಲ, ಕಥೆ ನೂಕುವ ಕೆಲಸಕ್ಕೆ ಮರಳುತ್ತಾಳೆ.

ಅರೆನಂಬಿಕೆ

ಮಗುವಿನ ಮಾತು ಒಪ್ಪಿದೆ. ಅದು ನನಗೂ ನೋವಾಗಿತ್ತು. ಕೀಟನ್ ಮಾತ್ರ ಬಿಟ್ಟುಕೊಡಲಾರೆ.

ಲೆಕ್ಕದಪುಸ್ತಕ

ಇಷ್ಟು ಬೈಯುತ್ತಿದ್ದೀರಿ, ಆದರೆ ಚಿತ್ರ ಗೆದ್ದಿತು ಎಂಬುದನ್ನು ಯಾರೂ ಹೇಳಲಿಲ್ಲ. ಸುಮಾರು 1 ಕೋಟಿ ಡಾಲರ್ ಖರ್ಚಿನ ಚಿತ್ರ, ಜಗತ್ತಿನಾದ್ಯಂತ 9 ಕೋಟಿಗೂ ಹೆಚ್ಚು ಗಳಿಸಿತು. ವಿಮರ್ಶಕರು ಹರಿದು ಹಾಕಿದ್ದರು, ಜನ ಹೋದರು. ಅಮೆರಿಕದಲ್ಲಿ ಜನವರಿ ಎಂದರೆ ಸ್ಟುಡಿಯೊಗಳು ತಮಗೇ ನಂಬಿಕೆಯಿಲ್ಲದ ಚಿತ್ರಗಳನ್ನು ತಂದು ಸುರಿಯುವ ತಿಂಗಳು ಎಂಬ ಮಾತಿತ್ತು. ಆ ತಿಂಗಳಿನಲ್ಲಿ ಅಗ್ಗದ ಭಯದ ಚಿತ್ರಕ್ಕೆ ಜನ ಸೇರುತ್ತಾರೆ ಎಂದು ತೋರಿಸಿಕೊಟ್ಟ ಚಿತ್ರಗಳಲ್ಲಿ ಇದೂ ಒಂದು.

ಗೆದ್ದದ್ದು ಚಿತ್ರವಲ್ಲ, ಅದರ ಟ್ರೇಲರ್ ಎಂಬುದು ನನ್ನ ಅಭಿಪ್ರಾಯ. ಆ ಜಾಹೀರಾತಿನಲ್ಲಿ ಕಥೆಗಿಂತ ಮುಂಚೆ ಸತ್ತವರ ದನಿಯ ವಿದ್ಯಮಾನವನ್ನೇ ನಿಜವೆಂಬಂತೆ ಪರಿಚಯಿಸಿದ್ದರು. ಅಂದರೆ ಕೊನೆಸಾಲಿನವನು ಕೇಳುತ್ತಿರುವ ಆ ಅನುಮಾನವನ್ನು ಮಾರಾಟ ವಿಭಾಗ ಸರಿಯಾಗಿಯೇ ಹಿಡಿದಿತ್ತು. ಚಿತ್ರಕಥೆಯವರಿಗೆ ಅದು ಹೊಳೆಯಲಿಲ್ಲ.

ಮಿಣುಕುಹುಳು

ಮುಗಿದ ಮೇಲೆ ಪರದೆಯ ಮೇಲೆ ಒಂದು ಬರಹ ಬರುತ್ತದೆ, ನೆನಪಿದೆಯೇ? ಹೀಗೆ ಮುದ್ರಿತವಾದ ಸಾವಿರಾರು ಸಂದೇಶಗಳಲ್ಲಿ 12ಕ್ಕೆ ಒಂದು ನೇರ ಬೆದರಿಕೆಯದ್ದಂತೆ. ಎಣಿಸಿದವರು ಯಾರು ಎಂಬುದು ಇರಲಿ. ಉಳಿದ 11 ಏನು ಹೇಳುತ್ತವೆ? ನನಗೆ ಆ 11ರ ಬಗ್ಗೆ ಚಿತ್ರ ಬೇಕು. ಬಾಗಿಲು ಹಾಕಿದೆಯಾ, ಬಾಡಿಗೆ ಕಟ್ಟಿದೆಯಾ, ನನ್ನ ಕನ್ನಡಕ ಸಿಕ್ಕಿತಾ.

ಅರೆನಂಬಿಕೆ

ಮಿಣುಕುಹುಳು, ನೀವು ತಮಾಷೆಗೆ ಹೇಳಿದಿರಿ, ಆದರೆ ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಚಿತ್ರಕಥೆ ಅದೇ.

ಕೊನೆಸಾಲಿನವನು

ನನಗೂ. ಆ 11ರ ಚಿತ್ರದಲ್ಲಿ ಅನುಮಾನವೂ ಉಳಿಯುತ್ತದೆ. ಬಾಡಿಗೆ ಕಟ್ಟಿದೆಯಾ ಎಂದು ಕೇಳಿದ್ದು ಸತ್ತ ಹೆಂಡತಿಯೇ, ಗಂಡನ ಅಭ್ಯಾಸವೇ ಎಂದು ಯಾವ ಯಂತ್ರ ಹೇಳೀತು? ಕೊಲೆಗಾರನ ಸುಳಿವು ಕೊಟ್ಟರೆ ಪರೀಕ್ಷಿಸಬಹುದು: ಹೋಗಿ ನೋಡಿದರೆ ಆಯಿತು, ಕೊಲೆಗಾರ ಅಲ್ಲಿರುತ್ತಾನೆ, ದನಿ ನಿಜವೆಂದು ಸಾಬೀತಾಗುತ್ತದೆ. ಚಿತ್ರ ಸುಳಿವುಗಳ ದಾರಿ ಹಿಡಿದ ಕ್ಷಣವೇ ತನ್ನ ಅನುಮಾನಕ್ಕೆ ತಾನೇ ಕೊಳ್ಳಿ ಇಟ್ಟಿತು. ಮುಂದೆ ಸಾಯಲಿರುವವರ ದನಿಯೂ ಸೇರಿಕೊಂಡ ಮೇಲಂತೂ ಇದು ಸತ್ತವರ ಸಂಪರ್ಕವೋ ಭವಿಷ್ಯವಾಣಿಯೋ ಎಂಬುದು ಬರೆದವರಿಗೇ ತಿಳಿದಂತಿಲ್ಲ. ಅಪಘಾತದ ಕಾರಿನಿಂದ ಮಗುವನ್ನು ಉಳಿಸುವ ಸನ್ನಿವೇಶ ನೋಡುವಾಗ ನಾನು ಬೇರೆ ಚಿತ್ರಕ್ಕೆ ಬಂದು ಕುಳಿತೆನೇನೋ ಅನ್ನಿಸಿತು.

ತಂತಿಕಂಬ

ಇನ್ನೊಂದು ವಿಷಯ ಹೊಳೆಯಿತು. ಅಮೆರಿಕದ ದೊಡ್ಡ ಟಿವಿ ಕೇಂದ್ರಗಳು 2009ರ ಜೂನ್ 12ರಂದು ಅನಲಾಗ್ ಪ್ರಸಾರವನ್ನು ನಿಲ್ಲಿಸಿದವು. ಅಂದರೆ ಚಿತ್ರ ಬಂದ ನಾಲ್ಕೂವರೆ ವರ್ಷಗಳೊಳಗೆ ಅದರ ಇಡೀ ತಂತ್ರ ಹಳತಾಯಿತು. ಈಗಿನ ಟಿವಿಯಲ್ಲಿ ಸಿಗ್ನಲ್ ಇಲ್ಲದಿದ್ದರೆ ನೀಲಿ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂದು ಬರುತ್ತದೆ, ಅಷ್ಟೇ. ಅದರಲ್ಲಿ ಯಾರ ಮುಖವನ್ನೂ ಹುಡುಕಲಾಗದು.

ಹಳೆಯ ಟೇಪು

ದನಿ ಹುಡುಕುವವರು ಅದಕ್ಕೂ ದಾರಿ ಕಂಡುಕೊಂಡಿದ್ದಾರೆ. ರೇಡಿಯೊ ಕೇಂದ್ರಗಳ ಮೇಲೆ ಸರಸರನೆ ಓಡುತ್ತ ತುಣುಕುಗಳನ್ನು ಹೆಕ್ಕುವ ಪೆಟ್ಟಿಗೆಗಳಿವೆ, ಅದೇ ಕೆಲಸದ ಮೊಬೈಲ್ ಆ್ಯಪ್‌ಗಳೂ ಇವೆ. ಮಾತಿನ ಚೂರುಗಳನ್ನೇ ಉದುರಿಸುವ ಯಂತ್ರದಿಂದ ಮಾತು ಕೇಳಿಬಂದರೆ ಆಶ್ಚರ್ಯವೇಕೆ ಎಂದು ಮಾತ್ರ ಕೇಳಬೇಡಿ, ಜಗಳಕ್ಕೆ ಬರುತ್ತಾರೆ.

ಹೊಸಬ

ತಡವಾಗಿ ಬಂದೆ. ಇದರ ಎರಡನೆಯ ಭಾಗವೂ ಇದೆಯಂತಲ್ಲ, ಅದನ್ನು ನೋಡಬಹುದೇ?

ಲೆಕ್ಕದಪುಸ್ತಕ

ಇದೆ. 2007ರದ್ದು, ನೇಥನ್ ಫಿಲಿಯನ್ ನಾಯಕ. ಕೀಟನ್ ಇಲ್ಲ, ಕಥೆಗೂ ಪಾತ್ರಗಳಿಗೂ ಮೊದಲ ಭಾಗದೊಂದಿಗೆ ಸಂಬಂಧವಿಲ್ಲ. ಸಾವಿನ ಅಂಚಿಗೆ ಹೋಗಿ ಬಂದವನೊಬ್ಬನಿಗೆ, ಸದ್ಯದಲ್ಲೇ ಸಾಯಲಿರುವವರ ಸುತ್ತ ಬಿಳಿ ಬೆಳಕು ಕಾಣಿಸುತ್ತದೆ. ಅವರನ್ನು ಉಳಿಸುತ್ತಾನೆ, ಉಳಿದವರು ಮೂರನೆಯ ದಿನ ಬೇರೆಯವರನ್ನು ಕೊಲ್ಲಲು ಹೊರಡುತ್ತಾರೆ. ಒಂದು ನಿಯಮ ಹಾಕಿಕೊಂಡು ಕೊನೆಯವರೆಗೂ ಅದಕ್ಕೆ ನಿಲ್ಲುತ್ತದೆ, ಆ ಮಟ್ಟಿಗೆ ಮೊದಲನೆಯದಕ್ಕಿಂತ ವಾಸಿ. ಸತ್ತವರೊಂದಿಗೆ ಮಾತುಕತೆ ಬೇಕೆಂದು ನೋಡಲು ಕುಳಿತರೆ ಮಾತ್ರ ಸಿಗುವುದಿಲ್ಲ.

ಮಿಣುಕುಹುಳು

ಬೆಳಕು ಪೂರ್ತಿ ವಾಕ್ಯ ಮಾತನಾಡುತ್ತದೆಯೇ? ಹಾಗಿದ್ದರೆ ಇಂದೇ ನೋಡುತ್ತೇನೆ.